ಆಯಿ ನೋಡದ ಜಲಸಂಗಿ

ದಸರಾ ರಜೆಗೆ ಬೆಂಗಳೂರಿನಿಂದ ಮೊಮ್ಮಕ್ಕಳಿಬ್ಬರೂ ನಮ್ಮ ನಾರಾಯಣಪುರಕ್ಕೆ ಬಂದಿದ್ದರು. ಮೊಮ್ಮಗ ಏಳನೆಯ ತರಗತಿ, ಮೊಮ್ಮಗಳು ನಾಲ್ಕನೆಯದು. ಬಂದ ಮರುದಿನವೇ ಮೊಮ್ಮಗ ಒಂದು ಹಾಳೆ ತಂದು ನನ್ನ ಮುಂದೆ ಹಿಡಿದ.

“ಮುತ್ಯಾ, ಬಾಡಿಗೆ ಕಾರು ಮಾಡೋಣ. ಒಂದೇ ದಿನದಾಗ ಇಷ್ಟೂ ನೋಡಿ ಮುಗಿಸೋಣ!”

ಓದಿದೆ. ಬಸವಕಲ್ಯಾಣದ ಕೋಟೆ, ತ್ರಿಪುರಾಂತ ಕೆರೆ, ಅನುಭವ ಮಂಟಪ, 108 ಅಡಿ ಎತ್ತರದ ಬಸವಣ್ಣನ ಪ್ರತಿಮೆ, ಹುಮನಾಬಾದಿನ ವೀರಭದ್ರೇಶ್ವರ ಗುಡಿ, ಮಾಣಿಕನಗರ, ಜಲಸಂಗಿ, ಬೀದರಿನ ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ನಾನಕ್ ಝೀರಾ. ಒಟ್ಟು 10 ಜಾಗ!

“ಊಟ ಎಲ್ಲಿ?” ಎಂದೆ.

“ಕಾರಿನಾಗ.”

“ನಿದ್ದಿ?”

“ಅದೂ ಕಾರಿನಾಗ!”

ನನಗೆ ನಗು ಬಂತು. ಮೇಷ್ಟರಾಗಿದ್ದ ದಿನಗಳಲ್ಲಿ ನಾನೂ ಇಂಥದೇ ಪಟ್ಟಿ ಮಾಡುತ್ತಿದ್ದೆ. ಒಂದು ಸಲ ಶಾಲೆಯ ಮಕ್ಕಳನ್ನು ಬೆಳಗಿನಿಂದ ಊರೂರು ಸುತ್ತಿಸಿ ಸಂಜೆ ಬೀದರ ಕೋಟೆಗೆ ಕರೆದೊಯ್ದರೆ, ಅರ್ಧ ಮಕ್ಕಳು ಬಸ್ಸಿನಿಂದ ಇಳಿಯಲೇ ಇಲ್ಲ. ಕುಳಿತಲ್ಲೇ ಮಲಗಿಬಿಟ್ಟಿದ್ದರು.

ಆ ರಾತ್ರಿ ಐರ್ಲೆಂಡಿನಲ್ಲಿರುವ ನನ್ನ ಕಿರಿಯ ಮಗ ಫೋನು ಮಾಡಿದ. ಮೊಮ್ಮಗ ತನ್ನ ಪಟ್ಟಿಯನ್ನು ಕಾಕಾನಿಗೆ ಓದಿ ಹೇಳಿದ. ಅವನು ನಕ್ಕು ತನ್ನ ಕಥೆ ಹೇಳಿದ. ಅಲ್ಲಿಗೆ ಹೋದ ಹೊಸದರಲ್ಲಿ ಅವನೂ ಬಾಡಿಗೆ ಕಾರು ಪಡೆದು ಹಳ್ಳಿಗಾಡು ನೋಡಲು ಹೊರಟಿದ್ದನಂತೆ. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಗಡೆಗೇ ಗಾಡಿ ಓಡಿಸುತ್ತಾರೆ, ದೂರವನ್ನು ಕಿಲೋಮೀಟರಿನಲ್ಲೇ ಅಳೆಯುತ್ತಾರೆ. ಆದರೆ ಹಳ್ಳಿಯ ದಾರಿಗಳು ಬಲು ಕಿರಿದು. ಎರಡೂ ಕಡೆ ಕಲ್ಲಿನ ಗೋಡೆ, ಇಲ್ಲವೇ ಬೇಲಿ. ಎದುರಿಗೆ ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಬೇಕು. ಕುರಿಗಳು ಬಂದರೆ ಎಲ್ಲರೂ ನಿಲ್ಲಬೇಕು!

“ಕಿಲೋಮೀಟರ್ ಎಣಸಬ್ಯಾಡ್ರಿ. ತಾಸು ಎಣಸ್ರಿ. ದಿನಕ್ಕ ಮೂರೇ ಜಾಗ ಇಟ್ಕೋರಿ. ನಾ ಮೊದಲನೇ ದಿನ ಏಳು ಇಟ್ಕೊಂಡಿದ್ದೆ, ಒಂದೂ ನೆನಪಿಲ್ಲ,” ಎಂದ.

ಮರುದಿನ ನೆಲದ ಮೇಲೆ ಜಿಲ್ಲೆಯ ನಕಾಶೆ ಹಾಸಿದೆವು. ಮೊಮ್ಮಗಳು ದಾರದಿಂದ ದೂರ ಅಳೆದಳು. ಬೀದರ ನಮ್ಮಲ್ಲಿಂದ ಸುಮಾರು 80 ಕಿ.ಮೀ. ಅದಕ್ಕೇ ಒಂದು ದಿನ ಬೇಕು. ಬಸವಕಲ್ಯಾಣವೋ ಪಕ್ಕದಲ್ಲೇ ಇದೆ. ಯಾವ ಸಂಜೆಯಾದರೂ ಹೋಗಬಹುದು. ಹಾಗೆ ಅಳೆದು ತೂಗಿ ವೀರಭದ್ರೇಶ್ವರ ಗುಡಿ, ಮಾಣಿಕನಗರ, ಜಲಸಂಗಿ, ಈ ಮೂರನ್ನು ಉಳಿಸಿಕೊಂಡೆವು. ಮೊದಲೆರಡು ಹುಮನಾಬಾದಿನಲ್ಲೇ ಅಕ್ಕಪಕ್ಕ. ಜಲಸಂಗಿ ಅಲ್ಲಿಂದ ಹತ್ತು ಕಿಲೋಮೀಟರಿನ ಆಸುಪಾಸು.

ಆಗ ಅಡುಗೆಮನೆಯಿಂದ ನನ್ನ ಹೆಂಡತಿ ಅಂದಳು: “ನೀವು ಹೋಗಿ ಬರ್ರಿ. ನಾ ಮನಿ ಕಾಯ್ತೀನಿ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡ್ತೀನಿ.”

ಮೊಮ್ಮಗಳು ಸಹಜವಾಗಿ ಕೇಳಿದಳು: “ಯಾಕ ಆಯಿ? ನೀ ಜಲಸಂಗಿ ಮೊದಲೇ ನೋಡೀಯೇನು?”

“ಇಲ್ಲವ್ವ. ನನಗೆಲ್ಲಿ ಪುರಸೊತ್ತು?”

ನಾನು ಸುಮ್ಮನಾದೆ. 34 ವರ್ಷದ ನೌಕರಿಯಲ್ಲಿ ಎಷ್ಟು ಸಲ ಶಾಲೆಯ ಮಕ್ಕಳನ್ನು ಜಲಸಂಗಿಗೆ ಕರೆದೊಯ್ದಿದ್ದೆನೋ! ಪ್ರತಿ ಸಲವೂ ಬೆಳಗಿನ ನಾಲ್ಕಕ್ಕೆದ್ದು ರೊಟ್ಟಿ ಬಡಿದು ಗಂಟು ಕಟ್ಟಿ ಕೊಟ್ಟವಳು ಇವಳು. “ನೀನೂ ಬಾ” ಎಂದು ನಾನು ಒಮ್ಮೆಯೂ ಕರೆದಿರಲಿಲ್ಲ. ಅವಳೂ ಕೇಳಿರಲಿಲ್ಲ.

“ಆಯಿ ಬರದಿದ್ದರ ಕಾರೂ ಬ್ಯಾಡ,” ಎಂದ ಮೊಮ್ಮಗ.

ಅವಳಿಗೆ ಮೊಣಕಾಲು ನೋವು. ಹೀಗಾಗಿ ಯೋಜನೆ ಮತ್ತೆ ಬದಲಾಯಿತು. ಕಾರು ಗೊತ್ತುಮಾಡುವಾಗ ಮೊದಲ ಪ್ರಶ್ನೆ ಬಾಡಿಗೆಯದಲ್ಲ, “ಸೀಟು ಎಷ್ಟು ಎತ್ತರ?” ಎಂಬುದು. ತೀರ ತಗ್ಗಿನ ಸೀಟಿನಿಂದ ಏಳುವುದು ಎಷ್ಟು ಕಷ್ಟವೆಂದು ಹಿರಿಯರಿಗೆ ಗೊತ್ತು. ಆಮೇಲೆ ಕೇಳಿದ್ದು: ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ದುಡ್ಡು ಕೊಡಬೇಕು, ಡ್ರೈವರ್ ಭತ್ಯೆ ಅದರಲ್ಲೇ ಸೇರಿದೆಯೇ, ಕಾಯುವುದಕ್ಕೆ ಬೇರೆ ದುಡ್ಡೇ? ಎಲ್ಲವನ್ನೂ ಮೊಮ್ಮಗ ಬರೆದುಕೊಂಡ. ಮಕ್ಕಳೇ, ಇದನ್ನು ಮೊದಲೇ ಕೇಳಿಟ್ಟುಕೊಂಡರೆ ಕೊನೆಗೆ ಜಗಳವಿರುವುದಿಲ್ಲ.

ರೊಟ್ಟಿಯನ್ನು ಈ ಸಲ ಎಲ್ಲರೂ ಸೇರಿ ಕಟ್ಟಿದೆವು. ಎಂಟಕ್ಕೆ ಹೊರಟೆವು. ಹೊಲಗಳಲ್ಲಿ ತೊಗರಿ ಹಸಿರಾಗಿ ನಿಂತಿತ್ತು. ವೀರಭದ್ರೇಶ್ವರನ ದರ್ಶನ ಮಾಡಿ, ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಗುಡಿಯ ಬಳಿ ನೆರಳಲ್ಲಿ ಕುಳಿತೆವು. ಯಾರೂ ಗಡಿಯಾರ ನೋಡಲಿಲ್ಲ. ಉಂಡು, ಬಿಸಿಲು ಇಳಿದ ಮೇಲೆ ಜಲಸಂಗಿಗೆ ಹೋದೆವು.

ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯ ಅದು. ಹೊರಗೋಡೆಯ ತುಂಬ ಮದನಿಕೆಯರು. ನಮ್ಮ ನಾರಾಯಣಪುರದ ಶಿವಾಲಯದಲ್ಲೂ ಇಂಥ ಶಿಲ್ಪಗಳಿವೆ. ಆದರೆ ಜಲಸಂಗಿ ಹೆಸರಾಗಿರುವುದು ಶಾಸನ ಬರೆಯುತ್ತಿರುವ ಸುಂದರಿಯಿಂದ. ನನ್ನ ಹೆಂಡತಿ ಮೊಮ್ಮಗಳ ಹೆಗಲು ಹಿಡಿದು ನಿಧಾನವಾಗಿ ನಡೆದು ಆ ಶಿಲ್ಪದ ಮುಂದೆ ನಿಂತಳು.

“ಏನ್ ಬರದಾಳ್ರಿ ಇಕಿ?”

ನಾನು ಮೇಷ್ಟರ ದನಿಯಲ್ಲಿ ಶುರುಮಾಡಿದೆ: “ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳಿ ಬರೆದಿದ್ದಾಳೆ. ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಕಲ್ಯಾಣದಿಂದ ರಾಜ್ಯವಾಳಿದ. ಸಿಂಹಾಸನವೇರಿದಾಗ ತನ್ನ ಹೆಸರಿನಲ್ಲೇ ಹೊಸ ಶಕೆಯನ್ನು ಆರಂಭಿಸಿದ...”

ಅವಳು ನಡುವೆಯೇ ಕೇಳಿದಳು: “ರಾಜನ ಹೆಸರು ಬರದಾಳ, ಖರೆ. ತನ್ನ ಹೆಸರು ಎಲ್ಲಿ ಬರಕೊಂಡಾಳ?”

ಇಷ್ಟು ವರ್ಷ ನೂರಾರು ಮಕ್ಕಳ ಮುಂದೆ ಈ ಶಿಲ್ಪದ ಪಾಠ ಮಾಡಿದ್ದೇನೆ. ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ, ಮಕ್ಕಳೂ ಕೇಳಿರಲಿಲ್ಲ. ಉತ್ತರ ನನ್ನಲ್ಲಿರಲಿಲ್ಲ. ಅವಳೇನೂ ಉತ್ತರಕ್ಕೆ ಕಾಯಲಿಲ್ಲ. ಬಹಳ ಹೊತ್ತು ಅಲ್ಲೇ ನಿಂತು ನೋಡಿದಳು. ನಾವೂ ಅವಸರ ಮಾಡಲಿಲ್ಲ.

ಮರಳುವಾಗ ಹೊತ್ತು ಮುಳುಗುತ್ತಿತ್ತು. ಮೊಮ್ಮಗ ತನ್ನ ಹಳೆಯ ಪಟ್ಟಿಯಲ್ಲಿ ಮೂರು ಹೆಸರಿಗೆ ಗೆರೆ ಎಳೆದು, “ಇನ್ನೂ ಏಳು ಉಳದಾವು,” ಎಂದು ಬೇಸರಪಟ್ಟ.

ಅವನ ಆಯಿ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು.

“ಬೀದರಕ್ಕ ಯಾವಾಗ ಹೋಗೂಣ್ರಿ?”