ಬೂದಿ ಮುಚ್ಚಿದ ಕೆಂಡ

ಈ ಸರ್ತಿ ಅಡಗಿ ವಿಷಯ ಇಲ್ರಿ. ನಮ್ಮ ವೈನಿ "ನನ್ನ ಜಡ್ಡಿಂದು ಬರಿ, ನಾಕು ಮಂದಿಗೆ ತಿಳೀಲಿ" ಅಂದ್ರು. ಅದಕ್ಕ ಕೂತೀನಿ.

ವೈನಿಗೆ ಆರು ವರ್ಷದಿಂದ ಕೀಲುವಾತ. ವಯಸ್ಸಾದ ಮ್ಯಾಲೆ ಬರೋ ಮಣಕಾಲ ಬ್ಯಾನಿ ಅಲ್ಲ, ಇದಕ್ಕ ರುಮಟಾಯ್ಡ್ ಅಂತಾರ. ಮೈ ಕಾಯೋ ಶಕ್ತಿನೇ ತಿರುಗಿ ನಮ್ಮ ಕೀಲಿಗೆ ಬಡೀತದ. ಅದರ ಜೋರು ಇಳಸಲಿಕ್ಕೆ ಸ್ಟೆರಾಯ್ಡ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗಿ ನಡದಿದ್ವು. ಹೋದ ವರ್ಷ ಇಂಜೆಕ್ಷನ್ನೂ ಸುರು ಆತು. ಮಡಚಿದ ಬೆರಳು ಬಿಚ್ಚಿದ್ವು, ಮತ್ತ ಚಪಾತಿ ಲಟ್ಟಿಸಲಿಕ್ಕೆ ಬಂತು ಅಂತ ಖುಷಿಪಟ್ರು.

ನಾಕು ತಿಂಗಳಾಗಿತ್ತು. ಸಂಜಿಮುಂದ ಸಣ್ಣ ಜ್ವರ, ಊಟ ಸೇರವಲ್ದು, ಕೈಯಾಗಿನ ಬಳಿ ಸಡ್ಲಾದ್ವು. ಕೆಮ್ಮು ಭಾಳ ಇರಲಿಲ್ಲ. ಕೀಲಿನ ಡಾಕ್ಟ್ರಿಗೇ ಅನುಮಾನ ಬಂದು ಎಕ್ಸ್-ರೇ, ಕಫದ ತಪಾಸ ಮಾಡ್ಸಿದ್ರು. ಟಿ.ಬಿ. ಅಂತ ಬಂತು.

"ಇಂಜೆಕ್ಷನ್ ಮೊದಲು ತಪಾಸ ಆಗಿತ್ತಲ್ರಿ, ಏನೂ ಇಲ್ಲ ಅಂತ ಬಂದಿತ್ತು" ಅಂತ ಕೇಳಿದೆ. ಸ್ಟೆರಾಯ್ಡ್ ತೊಗೊಳ್ಳೋರಿಗೆ ಆ ತಪಾಸದಾಗ ಒಮ್ಮೊಮ್ಮೆ ಸಿಗೂದಿಲ್ಲಂತ. ಡಾಕ್ಟರಬಾಯಿ ಬಿಡಿಸಿ ಹೇಳಿದ್ರು. ಟಿ.ಬಿ. ಹುಳ ಪುಪ್ಪುಸಕ್ಕ ಹೊಕ್ರ ಮೈಯಾಗಿನ ಕಣ ಬಂದು ಅದರ ಸುತ್ತ ಗೋಡಿ ಕಟ್ತಾವ, ಸಣ್ಣ ಗಂಟಾಗ್ತದ. ಅದಕ್ಕ ಗ್ರಾನ್ಯುಲೋಮಾ ಅಂತಾರ. ಒಳಗ ಹುಳ ವರ್ಷಗಟ್ಲೆ ಮಲಗಿರ್ತದ, ಭಾಳ ಮಂದಿಗೆ ಜೀವಮಾನದಾಗ ಏಳೂದೇ ಇಲ್ಲ. ಆ ಗೋಡಿ ಗಟ್ಟಿ ಇರಲಿಕ್ಕೆ ಬೇಕಾದ ವಸ್ತುನಽ ವೈನಿಯ ಇಂಜೆಕ್ಷನ್ ತಡೀತಿತ್ತು. ಬೂದಿ ಸರೀತು, ಕೆಂಡ ಹೊರಗ ಬಂತು. ಸಕ್ಕರಿ ಜಡ್ಡು, ಎಚ್.ಐ.ವಿ. ಇದ್ದೋರಿಗೆ, ಕಿಡ್ನಿ ಬದಲಿ ಮಾಡ್ಸಿದವರಿಗೆ, ಕ್ಯಾನ್ಸರ್ ಔಷಧ ನಡದವರಿಗೂ ಹಿಂಗ ಆಗಬಹುದು.

ಜಡ್ಡಿಗಿಂತ ದೊಡ್ಡ ಚಿಂತಿ ಮನ್ಯಾಗ ಬ್ಯಾರೇನಽ ಇತ್ತು. ಮಗಳ ಲಗ್ನದ ಮಾತು ನಡದಿತ್ತು. "ಹೊರಗ ನ್ಯುಮೋನಿಯಾ ಅನ್ರಿ" ಅಂದ ಅಣ್ಣ. ವೈನಿ ತಮ್ಮ ತಾಟು, ವಾಟಿ ಬ್ಯಾರೆ ಇಟ್ಕೊಂಡು ಹಿತ್ತಲದಾಗ ಕೂತು ಉಣ್ಣಲಿಕ್ಕೆ ಸುರು ಮಾಡಿದ್ರು. ತಾಟಿನಿಂದ ಇದು ಹತ್ತೂದಿಲ್ರಿ, ಗಾಳಿಯಿಂದ. ಕಿಟಕಿ ತಗದಿಡ್ರಿ, ಮೊದಲಿನ ಕೆಲವು ವಾರ ಮಾಸ್ಕ್ ಹಾಕ್ರಿ ಅಂದಿದ್ರು, ಅಷ್ಟಽ.

ಕಡೀಕೆ ಹುಡುಗಿನೇ ಬೀಗರಿಗೆ ಫೋನ್ ಮಾಡಿ ಇದ್ದದ್ದು ಹೇಳಿಬಿಟ್ಲು. ಆಮ್ಯಾಲೆ ತಿಳಸ್ತೀವಿ ಅಂದವರು ಮತ್ತ ಮಾತಾಡಲಿಲ್ಲ. ವೈನಿ ಎರಡು ದಿನ ಅತ್ರು. "ಅತ್ಯಾ, ಅವ್ವನ ಗುಳಿಗಿ ಮುಚ್ಚಿಟ್ಟು ಸಂಸಾರ ಹೆಂಗ ಮಾಡ್ಲಿ?" ಅಂದ್ಲು ನನಗ. ನನ್ನ ಕಡೆ ಉತ್ತರ ಇರಲಿಲ್ಲ. ಆ ಕೂಸಿನ ತಲಿ ಮ್ಯಾಲೆ ಕೈ ಇಟ್ಟೆ.

ಇಂಜೆಕ್ಷನ್ ನಿಲ್ಲಿಸ್ಯಾರ. ಔಷಧ ಆರು ತಿಂಗಳದ್ದು: ಮೊದಲ 2 ತಿಂಗಳು ನಾಕು ಥರದ ಔಷಧ, ಆಮ್ಯಾಲೆ 4 ತಿಂಗಳು ಮೂರು. ಸರಕಾರಿ ದವಾಖಾನ್ಯಾಗ ಪುಕ್ಕಟೆ. ಊಟದ ಖರ್ಚಿಗಂತ ತಿಂಗಳಿಗೆ 1000 ರೂಪಾಯಿ ಖಾತೆಗೆ ಹಾಕ್ತಾರ. ಮೂತ್ರ ಕೆಂಪಗ ಬಂದ್ರ ಅಂಜಬ್ಯಾಡ್ರಿ, ಗುಳಿಗಿ ಬಣ್ಣ ಅದು. ಕಣ್ಣು ಹಳದಿಯಾದ್ರ, ಮಂಜಾದ್ರ ಮಾತ್ರ ಕೂಡಲೇ ತೋರಿಸ್ರಿ. ಮನಿಮಂದಿ ಎಲ್ಲಾರೂ ತಪಾಸ ಮಾಡಿಸ್ಕೊಂಡ್ವಿ.

ಈಗ ಐದನೇ ತಿಂಗಳು. ಜ್ವರ ಇಲ್ಲ, ಬಳಿ ಮತ್ತ ಬಿಗಿಯಾಗ್ಯಾವ. ಕೀಲು ಮಾತ್ರ ಮತ್ತ ನೋಯ್ತಾವ, ಅದಕ್ಕ ಭಕ್ರಿ ನಾ ಬಡದು ಕಳಸ್ತೀನಿ.

ನಿಮ್ಮ ಮನ್ಯಾಗ ಯಾರಿಗರೆ ಇಂಥಾ ಔಷಧ ನಡದಿದ್ರ, ಎರಡು ವಾರ ಸಣ್ಣ ಜ್ವರ ಇದ್ರೂ, ತೂಕ ಇಳದ್ರೂ, ಕೆಮ್ಮು ಇಲ್ಲಂತ ಸುಮ್ಮನ ಕೂಡಬ್ಯಾಡ್ರಿ. ಹಂಗಂತ ಸ್ಟೆರಾಯ್ಡ್ ಗುಳಿಗಿ ನೀವಽ ಒಮ್ಮೆಲೆ ಬಿಡಬ್ಯಾಡ್ರಿ, ಅದೂ ಅಪಾಯ. ಯಾವ ಡಾಕ್ಟ್ರ ಹತ್ರ ಹೋದ್ರೂ ನಡದ ಗುಳಿಗಿ ಎಲ್ಲಾ ಒಂದು ಚೀಲದಾಗ ಹಾಕ್ಕೊಂಡು ಹೋಗಿ ತೋರಿಸ್ರಿ.