ಕತ್ತಿನ ಭಾರ

ಯಾದಗಿರಿಯಿಂದ ಸುರಪುರದ ಬಸ್ಸು ಹತ್ತಿದರೆ ಶಹಾಪುರದ ಮಲಗಿದ ಬುದ್ಧನ ಬೆಟ್ಟ ಬಂದರೂ ಯಾರೂ ತಲೆ ಎತ್ತುವುದಿಲ್ಲ, ಎಲ್ಲರ ಕತ್ತೂ ಮೊಬೈಲಿಗೆ ಬಾಗಿರುತ್ತದೆ. ಸುಮಾರು 5 ಕಿಲೊ ತೂಗುವ ತಲೆ 60 ಡಿಗ್ರಿ ಬಗ್ಗಿದರೆ ಕತ್ತಿನ ಮೇಲೆ 27 ಕಿಲೊದಷ್ಟು ಭಾರ ಎಂಬ ಲೆಕ್ಕವಿದೆ. ಹತ್ತಿ ಬಿಡಿಸುವವರು, ಭತ್ತ ನಾಟಿ ಮಾಡುವವರು, ಚೀಲ ಹೊರುವ ಹಮಾಲರು ಮೊಬೈಲಿಲ್ಲದೆಯೇ ಕತ್ತು ನೋವು ಬಲ್ಲವರು. ಬರೀ ಕುತ್ತಿಗೆ ಹಿಡಿದಿದ್ದರೆ ಬಿಸಿ ಶಾಖ, ವಿಶ್ರಾಂತಿಗೆ ಬಹುಪಾಲು ಇಳಿಯುತ್ತದೆ. ಕಟಿಂಗ್ ಅಂಗಡಿಯಲ್ಲಿ ಕತ್ತು ಲಟಕ್ಕನೆ ತಿರುಗಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಅಪರೂಪಕ್ಕೆ ಮಿದುಳಿಗೆ ರಕ್ತ ಒಯ್ಯುವ ಕತ್ತಿನ ರಕ್ತನಾಳ ಸೀಳಿ ಲಕ್ವ ಹೊಡೆದದ್ದೂ ಉಂಟು. ಕೈ ಜೋಮು ಹಿಡಿದು ಹಿಡಿತ ಸಡಿಲಾದರೆ, ನಡಿಗೆ ತೂರಾಡಿದರೆ, ಮೂತ್ರದ ಹತೋಟಿ ತಪ್ಪಿದರೆ, ಜ್ವರದೊಂದಿಗೆ ಕತ್ತು ಸೆಟೆದರೆ, ಬಿದ್ದ ಮೇಲೆ ನೋವು ಶುರುವಾದರೆ ತಡಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಿ.