ಎಷ್ಟು ಒಲೆ, ಅಷ್ಟು ಮನೆ

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಗೇಟಿನ ಪಕ್ಕದ ಸಂಪಿನೊಳಗೆ ಗುಳುಗುಳು ಸದ್ದು ಕೇಳಿದ್ದೇ ಚಿಕ್ಕಮ್ಮ ಎದ್ದು ಕೂತರು. ‘ಕಾವೇರಿ ಬಂದಳು’ ಅಂದರು, ತವರಿನ ನೆಂಟರು ಬಾಗಿಲಿಗೆ ಬಂದಷ್ಟು ಸಡಗರದಿಂದ. ಎದುರುಮನೆಯಲ್ಲಿ ದೀಪ ಹತ್ತಿತು. ಪಕ್ಕದ ಮನೆಯ ಮೋಟಾರು ಗುಂಯ್ ಅನ್ನತೊಡಗಿತು. ಐದೇ ನಿಮಿಷದಲ್ಲಿ ಬೀದಿಗೆ ಬೀದಿಯೇ ಎಚ್ಚರ. ನಾನು ತೀರ್ಥಹಳ್ಳಿ ಕಡೆಯವನು. ಗುಡ್ಡದ ಹಳ್ಳದಿಂದ ತಾನಾಗಿ ಇಳಿದುಬರುವ ಅಬ್ಬಿನೀರು ಕುಡಿದು ಬೆಳೆದವನು. ನೀರು ಬಂತೆಂದು ಊರು ಏಳುವುದನ್ನು ಮೊದಲ ಸಲ ಕಂಡದ್ದು ಪಶ್ಚಿಮ ಬೆಂಗಳೂರಿನ ಈ ಚಂದ್ರಾ ಲೇಔಟಿನಲ್ಲಿ.

ಸಂಪಿನ ಮುಚ್ಚಳ ಸರಿಸಿ ಟಾರ್ಚು ಬಿಟ್ಟೆ. ಕತ್ತಲಲ್ಲಿ ನೀರು ಮಿನುಗುತ್ತಾ ಏರುತ್ತಿತ್ತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟ ನೀರದು. ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಇನ್ನೊಮ್ಮೆ ಪಂಪಿನ ಬಲ ಪಡೆದು, ಸುಮಾರು 100 ಕಿಲೋಮೀಟರ್ ದೂರ ನಡೆದು, ಸುಮಾರು 500 ಮೀಟರ್ ಎತ್ತರ ಹತ್ತಿ ಇಲ್ಲಿಗೆ ತಲುಪಿದೆ. ಕಾವೇರಿ ಯೋಜನೆಯ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ಹೊಳೆಯೊಂದನ್ನು ಬೆಟ್ಟ ಹತ್ತಿಸಿ ತಂದು ಮನೆಮನೆಯ ಸಂಪಿಗೆ ಇಳಿಸುವ ಈ ಕೆಲಸ ಹಗಲೂ ರಾತ್ರಿ ನಡೆಯುತ್ತಲೇ ಇರುತ್ತದೆ. ಮುಚ್ಚಳ ಮುಚ್ಚಲು ಮನಸ್ಸೇ ಬರಲಿಲ್ಲ.

ಚಿಕ್ಕಮ್ಮನದು ಮೂವತ್ತು ನಲವತ್ತರ ಸೈಟು, ಅಂದರೆ 1,200 ಚದರಡಿ. ಅದರ ಮೇಲೆ ನಾಲ್ಕು ಅಂತಸ್ತು. ಬೆಳಕು ಹರಿಯುತ್ತಿದ್ದಂತೆ ಮೆಟ್ಟಿಲು ಹತ್ತುತ್ತಾ ಲೆಕ್ಕ ಹಾಕಿದೆ. ಕೆಳಗೆ ಚಿಕ್ಕಪ್ಪ, ಚಿಕ್ಕಮ್ಮ. ಮೊದಲ ಮಹಡಿಯಲ್ಲಿ ನಾಗಮಂಗಲದ ಗಂಡಹೆಂಡತಿ, ಇಬ್ಬರು ಮಕ್ಕಳು. ಎರಡನೆಯದರಲ್ಲಿ ಎರಡು ಪುಟ್ಟ ಮನೆ: ಒಂದರಲ್ಲಿ ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ ಆಡುವ ಕೋಲಾರದ ತಾಯಿ ಮಗಳು, ಇನ್ನೊಂದರಲ್ಲಿ ಉಡುಪಿ ಕಡೆಯ ಹೊಸ ಜೋಡಿ. ತಾರಸಿಯ ಮೇಲೆ ಶೀಟು ಹೊದಿಸಿದ ಎರಡು ಕೋಣೆ, ಅಲ್ಲಿ ವಿಜಯಪುರ ಜಿಲ್ಲೆಯ ಐವರು ಹುಡುಗರು. ಒಟ್ಟು ಹದಿನೈದು ಜನ.

ನನ್ನೂರಿನಲ್ಲಿ ಒಂದು ಮನೆಯ ಹೊಗೆ ಇನ್ನೊಂದು ಮನೆಗೆ ಕಾಣುವುದಿಲ್ಲ, ನಡುವೆ ಅಡಿಕೆ ತೋಟ. ಇಲ್ಲಿ ಮೇಲಿನ ಮನೆಯ ಒಗ್ಗರಣೆ ಕೆಳಗಿನ ಮನೆಗೆ ಗೊತ್ತು. ಹೊಸ ಜೋಡಿಯ ಕಿಟಕಿಯಿಂದ ತೆಂಗಿನೆಣ್ಣೆಯ ಘಮ, ನಾಗಮಂಗಲದವರ ಕಿಟಕಿಯಿಂದ ಬಸ್ಸಾರಿನ ಬೆಳ್ಳುಳ್ಳಿ. ಮೆಟ್ಟಿಲಲ್ಲಿ ಹತ್ತು ಹೆಜ್ಜೆ ಇಟ್ಟರೆ ಒಂದು ಜಿಲ್ಲೆ ದಾಟಿದಂತೆ.

ಗೇಟಿನ ಕಂಬದ ಮೇಲೊಂದು ಚೀಟಿ ಅಂಟಿತ್ತು. 2025ರಲ್ಲಿ ರಾಜ್ಯ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯದು. ಯಾವ ಮನೆಯೂ ತಪ್ಪಿಹೋಗದಿರಲೆಂದು ಆಗ ವಿದ್ಯುತ್ ಮೀಟರಿನ ಆರ್.ಆರ್. ನಂಬರು ಹಿಡಿದು ಮನೆಗಳನ್ನು ಗುರುತಿಸಿದ್ದರು. ಜನಗಣತಿಗೆ ಇನ್ನೊಂದು ಅಳತೆಗೋಲಿದೆ. ಒಟ್ಟಿಗೆ ವಾಸವಿದ್ದು ಒಂದೇ ಅಡುಗೆಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರೆಲ್ಲ ಒಂದು ಕುಟುಂಬ. ಗೋಡೆ ಎಷ್ಟಿದ್ದರೇನು, ಒಲೆ ಎಷ್ಟು ಎಂಬುದು ಪ್ರಶ್ನೆ. ಅಣ್ಣತಮ್ಮಂದಿರು ಪಾಲಾದರೆ ‘ಒಲೆ ಬೇರೆಯಾಯ್ತು’ ಅನ್ನುತ್ತಾರಲ್ಲ, ನಮ್ಮ ಅಜ್ಜಿಯಂದಿರ ಅದೇ ಲೆಕ್ಕ. ಆ ಪ್ರಕಾರ ಈ ಕಟ್ಟಡದಲ್ಲಿ ನಾಲ್ಕು ಒಲೆ. ಆದರೆ ತಾರಸಿಯ ಹುಡುಗರಿಗೆ ಒಲೆಯಿಲ್ಲ. ಅವರು ಉಣ್ಣುವುದು ಖಾನಾವಳಿಯಲ್ಲಿ. ಅವರನ್ನು ಎಲ್ಲಿ ಬರೆದುಕೊಳ್ಳಲಿ? ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಬೀದಿಗಿಳಿದೆ.

ಅತ್ತಿಗುಪ್ಪೆಯ ಕಡೆಗೆ ನಡೆದೆ. ಸುತ್ತಲಿನ ಹೆಸರುಗಳನ್ನು ಕೇಳಿ: ಅತ್ತಿಗುಪ್ಪೆ, ಮೂಡಲಪಾಳ್ಯ, ಮಾರೇನಹಳ್ಳಿ, ನಾಯಂಡಹಳ್ಳಿ. ಹಳ್ಳಿಗಳು ಕರಗಿವೆ, ಹೆಸರುಗಳು ಕಲ್ಲಿನಂತೆ ಉಳಿದಿವೆ. ಮೂಡಲ ಎಂದರೆ ಪೂರ್ವ ದಿಕ್ಕು. ಇವತ್ತಿನ ಬೆಂಗಳೂರಿನ ನಕ್ಷೆಯಲ್ಲಿ ಅದೇ ಮೂಡಲಪಾಳ್ಯ ಪಡುವಣ ದಿಕ್ಕಿನಲ್ಲಿದೆ. ಈ ಹಳೆಯ ಹೆಸರುಗಳ ನಡುವೆ ದುಡಿಮೆಯ ಹೆಸರುಗಳೂ ಇವೆ: ಬಿನ್ನಿ ಲೇಔಟ್, ರೆಮ್ಕೋ ಲೇಔಟ್, ಟೆಲಿಕಾಂ ಲೇಔಟ್. ಬಿನ್ನಿ ಮಿಲ್ಲಿನ ಮಗ್ಗಗಳು ನಿಂತು ವರ್ಷಗಳೇ ಆದವು, ಬಡಾವಣೆಯ ಬೋರ್ಡಿನ ಮೇಲೆ ಹೆಸರು ಹಾಗೇ ಇದೆ. ಉತ್ತರಕ್ಕೆ ಮಾಗಡಿ ರಸ್ತೆ, ದಕ್ಷಿಣಕ್ಕೆ ಮೈಸೂರು ರಸ್ತೆ. ‘ಊರ ಬಸ್ಸು ಎಲ್ಲಿ ಸಿಗ್ತದೋ ಅಲ್ಲೇ ಮನೆ ಮಾಡ್ದೋ ಕಣಣ್ಣ’ ಎಂದರು ಹೂವಿನ ಬುಟ್ಟಿಯ ಮುಂದೆ ಕೂತಿದ್ದ ಕುಣಿಗಲ್ ಸೀಮೆಯ ಹೆಂಗಸು, ಸೇವಂತಿಗೆ ಮೊಳ ಹಾಕುತ್ತಾ. ಒಂದು ಬಡಾವಣೆ ಹೇಗೆ ತುಂಬಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ.

ಎಂಟು ಗಂಟೆಗೆ ಬೀದಿಯ ಬಣ್ಣವೇ ಬದಲಾಯಿತು. ಮೈಸೂರು ರಸ್ತೆಯ ಕಡೆಗೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಸಾಲು. ತೋಳಿನಲ್ಲಿ ಊಟದ ಬ್ಯಾಗು, ಮುಡಿಯಲ್ಲಿ ಹೂವು, ಕಾಲಲ್ಲಿ ಓಟ. ಅವರು ಐದಕ್ಕೇ ಎದ್ದು ಎರಡು ಹೊತ್ತಿನ ಅಡುಗೆ ಮುಗಿಸಿ ಬಂದವರು. ಈ ಬಡಾವಣೆಯ ಎಷ್ಟೋ ಒಲೆಗಳನ್ನು ಹೊತ್ತಿಸುವ ಕೈಯೇ ಹಗಲೆಲ್ಲ ಹೊಲಿಗೆಯಂತ್ರದ ಮುಂದೆ ದುಡಿಯುತ್ತದೆ. ಅವರ ತಲೆಯ ಮೇಲೆ ನೇರಳೆ ಮಾರ್ಗದ ಮೆಟ್ರೊ ಹಾದುಹೋಯಿತು. ಅತ್ತಿಗುಪ್ಪೆಯ ನಿಲ್ದಾಣ ತೆರೆದದ್ದು 2015ರ ನವೆಂಬರ್ 16ರಂದು. ಈಗ ಇದೇ ಹಳಿ ಪಶ್ಚಿಮದ ಚಲ್ಲಘಟ್ಟವನ್ನೂ ಪೂರ್ವದ ವೈಟ್‌ಫೀಲ್ಡನ್ನೂ ಜೋಡಿಸಿದೆ.

ನಿಲ್ದಾಣದ ಮೇಲಿಂದ ನೋಡಿದರೆ ಕಣ್ಣು ಹರಿಯುವಷ್ಟು ದೂರವೂ ತಾರಸಿ, ಕಪ್ಪು ಟ್ಯಾಂಕು, ಒಣಹಾಕಿದ ಬಟ್ಟೆ. ಬೆಂಗಳೂರು ನಗರ ಜಿಲ್ಲೆ ಗ್ರಾಮಾಂತರದಿಂದ ಬೇರೆಯಾದದ್ದು 1986ರಲ್ಲಿ. 2001ರಲ್ಲಿ ಇಲ್ಲಿದ್ದವರು 65,37,124 ಜನ. 2011ರ ಗಣತಿಯಲ್ಲಿ 96,21,551. ಹತ್ತು ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು! ಭಾಗಿಸಿ ನೋಡಿದೆ: ದಿನಕ್ಕೆ ಸರಾಸರಿ 840ಕ್ಕೂ ಮೇಲೆ, ಗಂಟೆಗೆ 35 ಜನ. ಹುಟ್ಟಿದವರೂ ಬಂದವರೂ ಸೇರಿ, ಹಗಲು ರಾತ್ರಿ, ಹಬ್ಬ ಹರಿದಿನ ಎನ್ನದೆ ಗಂಟೆಗೆ 35 ಜನ. ಪ್ರತಿಯೊಬ್ಬರಿಗೂ ಒಂದು ಚಾಪೆಯ ಜಾಗ, ಒಂದು ಬಕೆಟ್ ನೀರು, ಒಂದು ತುತ್ತು ಬೇಕು. ಹೇಗೋ ಸಿಕ್ಕಿದೆ. ಪ್ಲಾಟ್‌ಫಾರಂ ಮೇಲೆ ನಿಂತಿದ್ದ ನನಗೆ ಮೈ ಜುಮ್ಮೆಂದಿತು.

ಕರ್ನಾಟಕದ ಸರಾಸರಿ ಜನಸಾಂದ್ರತೆ ಆಗ ಚದರ ಕಿಲೋಮೀಟರಿಗೆ 319. ನಮ್ಮ ಹಳ್ಳಿಯ ಭಾಷೆಯಲ್ಲಿ ಹೇಳಿದರೆ, ತಲೆಗೆ ಸುಮಾರು 31 ಗುಂಟೆ. ಈ ಜಿಲ್ಲೆಯಲ್ಲಿ ಅದು 4,381. ಹೊಲ, ಕೆರೆ, ರಸ್ತೆ, ಎಲ್ಲವನ್ನೂ ಸೇರಿಸಿ ಸಮನಾಗಿ ಹಂಚಿದರೂ ಒಬ್ಬೊಬ್ಬರಿಗೆ ಬರುವುದು ಹೆಚ್ಚುಕಮ್ಮಿ ಎರಡು ಮೂವತ್ತು ನಲವತ್ತರ ಸೈಟು. ಚಿಕ್ಕಮ್ಮನ ಒಂದೇ ಸೈಟಿನ ಮೇಲೆ ಹದಿನೈದು ಜನ ಇದ್ದಾರೆ. ಅಷ್ಟು ಜನರ ನಡುವೆಯೂ ಗೇಟಿನ ಮುಂದೆ ಎರಡಡಿ ಅಗಲದ ರಂಗೋಲಿಗೆ ಜಾಗ ಉಳಿದಿದೆ. ಮೊದಲ ಮಹಡಿಯ ಪುಟ್ಟಿ ಅದನ್ನು ದಾಟದೆ ಸುತ್ತಿಕೊಂಡು ಶಾಲೆಗೆ ಹೋಗುತ್ತಾಳೆ.

2011ರ ಅದೇ ಗಣತಿಯಲ್ಲಿ ಜಿಲ್ಲೆಯ ಅಕ್ಷರಸ್ಥರು ಶೇ. 87.67. ಸಾವಿರ ಗಂಡಸರಿಗೆ 916 ಹೆಂಗಸರು. ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ಅರ್ಧಕ್ಕೂ ಕಡಿಮೆ. ಚಂದ್ರಾ ಲೇಔಟಿನ ಕಿವಿಗೆ ಮಾತ್ರ ಬೇರೆಯದೇ ಸಮೃದ್ಧಿ: ಇಲ್ಲಿ ಕನ್ನಡವೇ ಹತ್ತು ಬಗೆ. ‘ಕಣಪ್ಪ’, ‘ಮಾರಾಯ’, ‘ಏನ್ರೀ’, ‘ಹೌದಲ್ಲೋ’ ಎಲ್ಲವೂ ಒಂದೇ ತರಕಾರಿ ಗಾಡಿಯ ಸುತ್ತ ಕೇಳುತ್ತವೆ. ಪಕ್ಕದ ನಾಗರಭಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿದೆ. ಜನಸಂಖ್ಯೆಯ ಅಧ್ಯಯನಕ್ಕೆಂದೇ ಅಲ್ಲೊಂದು ಕೇಂದ್ರವಿದೆ. ಅದರ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಒಳಗೆ ಮರಗಳ ನೆರಳಲ್ಲಿ ನಾಡಿನ ಜನ ಅಂಕಿಗಳಾಗಿ ಕೂತಿದ್ದಾರೆ. ಹೊರಗೆ ಅವರೇ ಬಸ್ಸಿಗೆ ಓಡುತ್ತಿದ್ದಾರೆ.

ಮಧ್ಯಾಹ್ನ ತಾರಸಿಯ ಹುಡುಗರ ಜೊತೆ ಖಾನಾವಳಿಗೆ ಹೋದೆ. ಬೀದಿಯ ತಿರುವಿನಲ್ಲೇ ರೊಟ್ಟಿ ಬಡಿಯುವ ಸದ್ದು ಕೇಳಿತು, ತಪ್‌ತಪ್ ಎಂದು, ಮಳೆಹನಿ ಬಾಳೆಲೆಯ ಮೇಲೆ ಬಿದ್ದಂತೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ಒಂದು ಹೋಳು ಉಳ್ಳಾಗಡ್ಡಿ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸೀಮೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಊರು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಈ ಅಕ್ಷರಗಳೇ ಇಲ್ಲಿನ ಬೋರ್ಡುಗಳ ತುಂಬ. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರಿನ ಮಕ್ಕಳು ಚೀಲ ಹೊತ್ತು ಬಂದು ಇಲ್ಲಿ ಕೋಣೆ ಹಿಡಿಯುತ್ತಾರೆ. ಅವರ ಹಿಂದೆಯೇ ಅವರ ರೊಟ್ಟಿಯೂ ಬಂದಿದೆ. ‘ಇನ್ನೊಂದು ಹಾಕ್ಲೇನೋ ತಮ್ಮಾ? ಓದಾವ್ರು ಹೊಟ್ಟಿ ತುಂಬ ಉಣ್ಣಬೇಕು’ ಎಂದು ಬಡಿಸುವ ಅಕ್ಕ ಕೇಳಿದಾಗ ಒಬ್ಬ ಹುಡುಗ ತಲೆ ಎತ್ತದೆ ತಟ್ಟೆ ಮುಂದೆ ಚಾಚಿದ. ಆ ಚಾಚುವಿಕೆಯಲ್ಲಿ ಮನೆಯ ಸಲಿಗೆ ಇತ್ತು.

ಸಂಜೆ ಅವನೇ ನನ್ನನ್ನು ತಾನು ಓದುವ ರೀಡಿಂಗ್ ರೂಮಿಗೆ ಕರೆದೊಯ್ದ. ಬಾಗಿಲ ಹೊರಗೆ ಐವತ್ತು ಅರುವತ್ತು ಜೊತೆ ಚಪ್ಪಲಿ. ಒಳಗೆ ಪುಟ ತಿರುವುವ ಸದ್ದು, ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಎರಡಡಿ ಅಗಲದ ಗೂಡುಗಳು, ಪ್ರತಿ ಗೂಡಿನಲ್ಲೂ ಬಾಗಿದ ಒಂದು ತಲೆ, ಗೋಡೆಗೆ ಅಂಟಿಸಿದ ಸಂವಿಧಾನದ ವಿಧಿಗಳ ಪಟ್ಟಿ, ಅದರ ಪಕ್ಕ ಯಾರದೋ ಅಪ್ಪ ಅಮ್ಮನ ಪಾಸ್‌ಪೋರ್ಟ್ ಅಳತೆಯ ಫೋಟೊ. ಹೊರಗೆ ಬಂದ ಮೇಲೆ ಹುಡುಗ ಮೆಲ್ಲಗೆ ಹೇಳಿದ: ಸಿಂದಗಿ ತಾಲ್ಲೂಕು, ಮಳೆ ನಂಬಿದ ಮೂರು ಎಕರೆ ಹೊಲ, ಇದು ಮೂರನೆಯ ವರ್ಷ. ‘ಅವ್ವ ಫೋನ್ ಮಾಡಿದಾಗೊಮ್ಮೆ ಯಾವಾಗ ಬರ್ತಿ ಅಂತ ಕೇಳ್ತಾಳ್ರೀ. ರಿಜಲ್ಟ್ ಬರ್ಲಿ ಅಂತೀನಿ.’

ಗಣತಿಯವರು ಬಂದರೆ ಎಲ್ಲಿ ಹೆಸರು ಬರೆಸುತ್ತೀಯ ಎಂದು ಕೇಳಿದೆ. ‘ಊರಾಗ ಅವ್ವ ಬರಸ್ತಾಳ್ರೀ’ ಅಂದ, ಅದರಲ್ಲಿ ಕೇಳುವುದೇನಿದೆ ಎಂಬಂತೆ. ನಿಯಮದ ಪ್ರಕಾರ ಅವನು ವಾಸವಿರುವ ಈ ತಾರಸಿಯೇ ಅವನ ವಿಳಾಸ. ಅವ್ವನ ಲೆಕ್ಕದಲ್ಲಿ ಅವನು ಇನ್ನೂ ಅವಳ ಒಲೆಯವನು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋಗಿ 2027ಕ್ಕೆ ನಿಗದಿಯಾಗಿದೆ. ಅವನನ್ನು ಇಲ್ಲೇ ಎಣಿಸಬೇಕು ಎಂದು ನನ್ನ ಮನಸ್ಸು ಬಲವಾಗಿ ಹೇಳುತ್ತದೆ. ನೀರಿನ ಪೈಪು, ಬಸ್ಸು, ಗ್ರಂಥಾಲಯದ ಕುರ್ಚಿ, ಎಲ್ಲವೂ ತಲೆ ಎಣಿಸಿಯೇ ಬರಬೇಕಾದವು. ಲೆಕ್ಕಕ್ಕೆ ಸಿಗದವನ ಪಾಲಿನ ನೀರನ್ನು ಯಾರೂ ಬೆಟ್ಟ ಹತ್ತಿಸುವುದಿಲ್ಲ.

ಕತ್ತಲಾಗುವ ಮುನ್ನ ನಾಯಂಡಹಳ್ಳಿಯತ್ತ ಇಳಿದೆ. ಮೈಸೂರು ರಸ್ತೆಯ ಪಕ್ಕ ವೃಷಭಾವತಿ ಹರಿಯುತ್ತಾಳೆ. ಕಪ್ಪು ನೀರು, ಬಿಳಿ ನೊರೆ, ಮೂಗು ಕಟ್ಟುವ ವಾಸನೆ. ಬೆಳಗ್ಗೆ ಸಂಪಿಗೆ ಬಂದಂಥ ನೀರು ಮನೆಮನೆಯ ಪಾತ್ರೆ ತೊಳೆದು, ಮೈ ತೊಳೆದು ಈ ಕಣಿವೆಗೇ ಇಳಿಯುತ್ತದೆ. ಮುಂದೆ ಬೈರಮಂಗಲದ ಕೆರೆ, ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಮತ್ತೆ ಕಾವೇರಿ. ಸಡಗರದಿಂದ ಬರಮಾಡಿಕೊಂಡ ನೆಂಟರನ್ನು ನಾವು ಹೀಗೆ ಕಳಿಸಿಕೊಡುತ್ತೇವಲ್ಲ ಎಂದು ಸಂಕಟವಾಯಿತು. ರಸ್ತೆಯ ಬದಿಯಲ್ಲಿ ಒಂದು ಸಂಸಾರ ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟಿತ್ತು. 2011ರ ಫೆಬ್ರುವರಿ 28ರ ರಾತ್ರಿ ದೇಶದಾದ್ಯಂತ ಗಣತಿದಾರರು ಸೂರಿಲ್ಲದವರನ್ನು ಹುಡುಕಿಕೊಂಡು ಹೋಗಿ ಎಣಿಸಿದ್ದರು. ಗೋಡೆಯಿಲ್ಲ, ಮೀಟರಿಲ್ಲ, ಚೀಟಿ ಅಂಟಿಸಲು ಕಂಬವಿಲ್ಲ. ಒಲೆ ಮಾತ್ರ ಇತ್ತು. ಅದರ ಬೆಳಕಿನಲ್ಲಿ ಮಗುವೊಂದು ನಗುತ್ತಿತ್ತು. ನನ್ನ ಲೆಕ್ಕದಲ್ಲಿ ಅದೂ ಒಂದು ಮನೆ.

ರಾತ್ರಿ ಚಿಕ್ಕಮ್ಮ ಸ್ಟೀಲ್ ಡಬ್ಬಿಗೆ ಚಿತ್ರಾನ್ನ ತುಂಬಿ ‘ಹುಡುಗರಿಗೆ ಕೊಟ್ಟು ಬಾ ಮಾರಾಯ, ಇವತ್ತು ರಾತ್ರಿ ಅವರ ಖಾನಾವಳಿ ಇರೋಲ್ಲ’ ಎಂದು ಕೈಗಿಟ್ಟರು. ತಾರಸಿ ಹತ್ತಿ ಕೊಟ್ಟೆ. ಸಿಂದಗಿಯ ಹುಡುಗ ಡಬ್ಬಿ ತೊಳೆದು, ಒರೆಸಿ, ಊರಿನಿಂದ ಬಂದ ಗಂಟು ಬಿಚ್ಚಿ, ಅವ್ವ ಕುಟ್ಟಿದ ಶೇಂಗಾ ಹಿಂಡಿ ತುಂಬಿ ವಾಪಸು ಕೊಟ್ಟ. ‘ಖಾಲಿ ಡಬ್ಬಿ ಕೊಡಬಾರದ್ರೀ’ ಅಂದ.

ಡಬ್ಬಿ ಹಿಡಿದು ಮೂರು ಅಂತಸ್ತು ಇಳಿದೆ. ಅಡುಗೆಮನೆಯ ದೀಪ ಇನ್ನೂ ಉರಿಯುತ್ತಿತ್ತು. ಚಿಕ್ಕಮ್ಮ ಮುಚ್ಚಳ ತೆಗೆದು ಮೂಸಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಬೆಳಿಗ್ಗೆಯ ದೋಸೆಗಾಯಿತು ಎಂದು ಒಲೆಯ ಪಕ್ಕದ ಗೂಡಿನಲ್ಲಿಟ್ಟರು.